ಹಿತ್ತಲ ಕೊಳಕ್ಕೆ ಮೀನು ಕೊನೆಗೆ ಬರಲಿ

ಹಿತ್ತಲಲ್ಲೊಂದು ಪುಟ್ಟ ಕೊಳ ಮಾಡೋಣ ಎಂದುಕೊಂಡವರ ಕಣ್ಣ ಮುಂದೆ ಮೊದಲು ಬರುವುದು ಬಣ್ಣದ ಮೀನು. ಗುಂಡಿ ತೋಡಿ, ಶೀಟು ಹಾಸಿ, ನಲ್ಲಿ ನೀರು ತುಂಬಿ, ಮರುದಿನವೇ ಒಂದು ಡಜನ್ ಮೀನು ತಂದು ಬಿಡುತ್ತಾರೆ. ಎರಡು ಮೂರು ವಾರದಲ್ಲಿ ನೀರು ಹಸಿರಾಗುತ್ತದೆ, ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತವೆ, ಒಂದೊಂದಾಗಿ ಸಾಯುತ್ತವೆ. ಆಮೇಲೆ ಸೊಳ್ಳೆ, ಅದರ ಹಿಂದೆಯೇ ಮನೆಯವರ ತಕರಾರು. ವರ್ಷ ತುಂಬುವುದರೊಳಗೆ ಗುಂಡಿಗೆ ಮಣ್ಣು ಬಿದ್ದಿರುತ್ತದೆ. ಮಾಡಿದ ಕೆಲಸಗಳಲ್ಲಿ ದೊಡ್ಡ ತಪ್ಪೇನೂ ಇರುವುದಿಲ್ಲ, ಅವುಗಳ ಅನುಕ್ರಮ ಮಾತ್ರ ತಲೆಕೆಳಗಾಗಿರುತ್ತದೆ. ಮೀನು ಕೊಳಕ್ಕೆ ಕೊನೆಗೆ ಬರಬೇಕಾದ ಜೀವಿ. ಬಾರದಿದ್ದರೂ ಕೊಳಕ್ಕೆ ಕೊರತೆಯಿಲ್ಲ.

ಮೀನು ತನ್ನ ದೇಹದ ಸಾರಜನಕದ ಕಸವನ್ನು ಹೆಚ್ಚಾಗಿ ಕಿವಿರುಗಳ ಮೂಲಕವೇ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಸೇರುವುದೂ ಅಲ್ಲಿಗೇ. ಹಳೆಯ ಕೊಳದಲ್ಲಿ ಇದನ್ನು ನೋಡಿಕೊಳ್ಳುವ ಬ್ಯಾಕ್ಟೀರಿಯಾಗಳು ಕಲ್ಲು, ಬೇರು, ಕೆಸರಿನ ಮೇಲೆಲ್ಲ ಅಂಟಿಕೊಂಡಿರುತ್ತವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ. ಕೊನೆಯದು ಗಿಡಗಳಿಗೆ ಗೊಬ್ಬರ. ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಈ ಎರಡು ಹಂತದ ಜೀವಿಗಳನ್ನು ಬೇರೆಬೇರೆಯಾಗಿ ಗುರುತಿಸಿದರು. ಎರಡೂ ಹಂತಗಳನ್ನು ಒಂಟಿಯಾಗಿ ಮುಗಿಸಬಲ್ಲ ಬ್ಯಾಕ್ಟೀರಿಯಾ ಇದೆಯೆಂದು ಗೊತ್ತಾಗಿದ್ದು 2015ರಲ್ಲಿ. ಅಂಥವುಗಳಲ್ಲಿ ಕೆಲವು ಸಿಕ್ಕಿದ್ದು ಮೀನು ಸಾಕುವ ವ್ಯವಸ್ಥೆಯೊಂದರ ಸೋಸುಕದಲ್ಲಿ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಈ ಬ್ಯಾಕ್ಟೀರಿಯಾಗಳು ತಾವಾಗಿಯೇ ಬರುತ್ತವೆ, ಆದರೆ ನಿಧಾನವಾಗಿ ಬೆಳೆಯುತ್ತವೆ. ನಮ್ಮ ಹವೆಯಲ್ಲೂ ಅವು ನೆಲೆನಿಲ್ಲಲು ನಾಲ್ಕಾರು ವಾರ ಬೇಕು. ಅಷ್ಟರೊಳಗೆ ಮೀನು ಬಿಟ್ಟರೆ ಅಮೋನಿಯಾ ಏರುತ್ತ ಹೋಗುತ್ತದೆ. ಅದರ ವಿಷ ನೀರಿನ ಪಿಎಚ್ ಮೇಲೆ, ಅಂದರೆ ಆಮ್ಲ-ಕ್ಷಾರದ ಅಳತೆಯ ಮೇಲೆ ನಿಂತಿದೆ. 25 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಭಾಗ ವಿಷರೂಪದಲ್ಲಿರುತ್ತದೆ. ಪಿಎಚ್ 9ಕ್ಕೆ ಹೋದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು. ಹಸಿರುಗಟ್ಟಿದ ಕೊಳದಲ್ಲಿ ಪಾಚಿ ಹಗಲಿಡೀ ಕಾರ್ಬನ್ ಡೈಆಕ್ಸೈಡ್ ಹೀರುವುದರಿಂದ ಮಧ್ಯಾಹ್ನದ ಹೊತ್ತಿಗೆ ಪಿಎಚ್ ಏರಿಬಿಡುತ್ತದೆ. ಬೆಳಿಗ್ಗೆ ತಡೆದುಕೊಂಡ ಮೀನು ಮೂರು ಗಂಟೆಗೆ ಸಾಯುವುದು ಹೀಗೆ. ರಾತ್ರಿಯದು ಬೇರೆ ಕಷ್ಟ. ಬೆಳಕಿಲ್ಲದಾಗ ಪಾಚಿಯೂ ಗಿಡವೂ ಆಮ್ಲಜನಕ ಬಳಸುತ್ತವೆಯೇ ಹೊರತು ಕೊಡುವುದಿಲ್ಲ, ನಸುಕಿನ ಹೊತ್ತಿಗೆ ಅದು ತಳ ಮುಟ್ಟಿರುತ್ತದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯದು ಏಳೂವರೆ ಹಿಡಿಯುತ್ತದೆ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದರಲ್ಲೂ ಹತ್ತನೇ ಒಂದು ಭಾಗ ಖೋತಾ.

ಆದ್ದರಿಂದ ಕ್ಯಾಲೆಂಡರ್ ನೋಡಿಕೊಂಡು ಕೆಲಸ ಹಿಡಿಯುವುದು ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ತೋಡಿ, ಮೃಗಶಿರಾ, ಆರಿದ್ರಾ ಮಳೆಗೆ ತುಂಬಿಸಿ, ಗಿಡ ನೆಟ್ಟು, ಮಳೆಗಾಲವಿಡೀ ಹಾಗೇ ಬಿಡಿ. ಮೀನಿನ ಮಾತು ದೀಪಾವಳಿ ಕಳೆದ ಮೇಲೆ.

ಜಾಗ ಹುಡುಕುವಾಗ ಮಳೆನೀರು ತಾನಾಗಿ ನಿಲ್ಲುವ ತಗ್ಗೇ ಸರಿ ಎನ್ನಿಸುತ್ತದೆ. ಅಲ್ಲಿ ಬೇಡ. ಹಿತ್ತಲಿನ ಗೊಬ್ಬರ, ಮಣ್ಣು, ಸಿಂಪಡಿಸಿದ ಔಷಧ ಎಲ್ಲವೂ ಹರಿದು ಸೇರುವುದು ಆ ತಗ್ಗಿಗೆ. ತುಸು ಎತ್ತರದಲ್ಲಿ, ದಿನಕ್ಕೆ ಐದಾರು ಗಂಟೆ ಬಿಸಿಲು ಸಿಗುವಲ್ಲಿ, ಮಾವು ಹಲಸಿನ ನೆರಳಿನಿಂದ ದೂರ ಮಾಡಬೇಕು. ನೈದಿಲೆಗೆ ಬಿಸಿಲಿಲ್ಲದೆ ಹೂವಿಲ್ಲ, ಉದುರಿದ ಎಲೆಯೆಲ್ಲ ಕೊಳೆತು ಅಮೋನಿಯಾವೇ ಆಗುತ್ತದೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ಮೇಲೆ ಗೋಡೆಯ ನೆರಳು ಸಿಕ್ಕರೆ ಬಯಲುಸೀಮೆಯ ಬೇಸಿಗೆಗೆ ಅದಕ್ಕಿಂತ ಒಳ್ಳೆಯದಿಲ್ಲ.

ಮೊದಲ ಕೊಳಕ್ಕೆ 10 ಅಡಿ ಉದ್ದ, 7 ಅಡಿ ಅಗಲ, ನಡುವೆ ಎರಡೂವರೆ ಅಡಿ ಆಳ ಧಾರಾಳ. ತೀರ ಸಣ್ಣ ತೊಟ್ಟಿಯ ನೀರು ಬಿಸಿಲಿಗೆ ಬೇಗ ಕಾಯುತ್ತದೆ, ಹಾಗಾಗಿ ದೊಡ್ಡದೇ ಸುಲಭ. ಗೋಡೆಗಳನ್ನು ಬಾವಿಯಂತೆ ನೆಟ್ಟಗೆ ಇಳಿಸದೆ, ಒಂದಡಿ ಆಳದಲ್ಲಿ ಸುತ್ತ ಮೆಟ್ಟಿಲು ಬಿಡಬೇಕು. ಒಂದು ಬದಿ ಪೂರ್ತಿ ಇಳಿಜಾರಾಗಿರಲಿ. ಕಪ್ಪೆ ಹತ್ತಿಬರಲು, ಜೇನು ಕೂತು ನೀರು ಕುಡಿಯಲು, ಬಿದ್ದ ಅಳಿಲು ಪಾರಾಗಲು ಅದೊಂದೇ ದಾರಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ನೀರಿನ ಮಟ್ಟಕ್ಕೆ ಗಟ್ಟಿಯಾದ ಕಬ್ಬಿಣದ ಜಾಲರಿ ಹಾಕದೆ ಕೊಳ ಮಾಡಲೇಬಾರದು. ಗೇಣುದ್ದ ನೀರೂ ಕೂಸಿಗೆ ಅಪಾಯ. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಕೆಂಪು ಮಣ್ಣು ನೀರು ಹಿಡಿಯುವುದಿಲ್ಲ. ಎರೆಮಣ್ಣು ಹಿಡಿಯುತ್ತದೆ, ಒಣಗಿದರೆ ಬಿರಿಯುತ್ತದೆ. ಕೃಷಿ ಹೊಂಡಗಳಿಗೆ ಹಾಸುವ 500 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಊರೂರಿನಲ್ಲೂ ಸಿಗುತ್ತದೆ, ಅದೇ ಸಾಕು. ಉದ್ದಕ್ಕೂ ಅಗಲಕ್ಕೂ ಆಳದ ಎರಡರಷ್ಟು, ಅಂಚಿಗೆಂದು ಇನ್ನೆರಡು ಅಡಿ ಸೇರಿಸಿದರೆ ಈ ಕೊಳಕ್ಕೆ 17 ಅಡಿಗೆ 14 ಅಡಿಯ ಹಾಳೆ ಬೇಕು. ಕೆಳಗೆ ಎರಡಿಂಚು ಜರಡಿ ಹಿಡಿದ ಮರಳು, ಅದರ ಮೇಲೆ ಹಳೆಯ ಗೋಣಿ ಹಾಸಿ. ಅಂಚು ಬಿಸಿಲಿಗೆ ಕಾಣದಂತೆ ಕಲ್ಲು ಮಣ್ಣು ಮುಚ್ಚದಿದ್ದರೆ ಹಾಳೆ ಕೆಲವೇ ವರ್ಷದಲ್ಲಿ ಸಿಡಿಯುತ್ತದೆ. ಸಿಮೆಂಟಿನ ಕೊಳವೇ ಬೇಕೆಂದರೆ ಸುಣ್ಣದ ಕಾಟ ಇದ್ದೇ ಇದೆ. ಹೊಸ ಸಿಮೆಂಟಿನ ನೀರಿನ ಪಿಎಚ್ 11 ದಾಟಬಲ್ಲದು. ಬಾಳೆದಿಂಡು ಕೊಚ್ಚಿ ಹಾಕಿ ವಾರಗಟ್ಟಲೆ ನೆನೆಸಿ, ನೀರು ಚೆಲ್ಲಿ ಮತ್ತೆ ತುಂಬುವ ನಮ್ಮ ಹಳ್ಳಿಯ ಪದ್ಧತಿಗೆ ಅರ್ಥವಿದೆ: ದಿಂಡು ಕೊಳೆಯುವಾಗ ಹುಟ್ಟುವ ಆಮ್ಲಗಳೂ ಕಾರ್ಬನ್ ಡೈಆಕ್ಸೈಡೂ ಸುಣ್ಣದ ಕ್ಷಾರವನ್ನು ತಗ್ಗಿಸುತ್ತವೆ.

ಇಂಥ ಕೊಳ ಇಳಿಜಾರು, ಮೆಟ್ಟಿಲು ಕಳೆದು ಎರಡೂವರೆಯಿಂದ ಮೂರು ಸಾವಿರ ಲೀಟರ್ ಹಿಡಿಯುತ್ತದೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಅಂಥ ಊರಿನಲ್ಲಿ ಕಾವೇರಿ ನೀರಿನಿಂದ ಕೊಳ ತುಂಬುವುದು ನ್ಯಾಯವಲ್ಲ, ಅಗತ್ಯವೂ ಇಲ್ಲ. ಸಾವಿರ ಚದರಡಿ ತಾರಸಿಯ ಮೇಲೆ 30 ಮಿಲಿಮೀಟರ್ ಮಳೆ ಬಿದ್ದರೆ ಅದೇ ಸುಮಾರು 2800 ಲೀಟರ್. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು ಮುಂದಿನ ಒಂದೆರಡು ಮಳೆಯನ್ನು ಒಳಕ್ಕೆ ತಿರುಗಿಸಿದರೆ ಕೊಳ ತುಂಬಿತು. ಹೆಚ್ಚಾದದ್ದು ಹರಿದುಹೋಗಲು ಒಂದು ಕಡೆ ತೂಬು ಬೇಕು.

ಮೇಲ್ಮೈಯ ಅರ್ಧಕ್ಕಿಂತ ಕೊಂಚ ಹೆಚ್ಚು ಎಲೆಯಿಂದ ಮುಚ್ಚಿದರೆ ಪಾಚಿಗೆ ಬೆಳಕು ಸಿಗುವುದಿಲ್ಲ. ನಡುವೆ ನೈದಿಲೆ, ಮೆಟ್ಟಿಲ ಮೇಲೆ ಬಜೆ, ಕೆಸು, ನೀರುಬ್ರಾಹ್ಮಿ, ಇಳಿಜಾರಿನಲ್ಲಿ ಒಂದೆಲಗ. ಅಡುಗೆಮನೆಗೂ ಬಂತು. ಮೊದಲ ತಿಂಗಳು ನೀರು ಹಸಿರಾದರೆ ಖಾಲಿ ಮಾಡಬೇಡಿ. ಹೊಸ ನೀರಿನ ಜೊತೆ ಪಾಚಿಯ ಆಹಾರವೂ ಹೊಸದಾಗಿ ಬರುತ್ತದೆ, ನೆಲೆ ಹಿಡಿಯುತ್ತಿದ್ದ ಬ್ಯಾಕ್ಟೀರಿಯಾ ಹೋಗುತ್ತದೆ. ಯಾರೋ ಪ್ರೀತಿಯಿಂದ ಕೊಟ್ಟ ತೇಲುವ ಗಿಡಗಳ ಬಗ್ಗೆ ಮಾತ್ರ ಎಚ್ಚರ. ದಕ್ಷಿಣ ಅಮೆರಿಕದ ಸಾಲ್ವೀನಿಯಾ ಎಂಬ ಜರೀಗಿಡ ಬೆಂಗಳೂರಿನ ಒಂದು ನೈದಿಲೆ ಕೊಳವನ್ನು ಪೂರ್ತಿ ಮುಚ್ಚಿಹಾಕಿತ್ತು. 1983-84ರಲ್ಲಿ ವಿಜ್ಞಾನಿಗಳು ಆಸ್ಟ್ರೇಲಿಯಾದಿಂದ ತರಿಸಿದ ಒಂದು ಪುಟ್ಟ ಸೊಂಡಿಲು ಕೀಟವನ್ನು ಅದರ ಮೇಲೆ ಬಿಟ್ಟರು. ಹನ್ನೊಂದು ತಿಂಗಳೊಳಗೆ ಸಾಲ್ವೀನಿಯಾ ಕುಸಿದು ನೈದಿಲೆ ಮತ್ತೆ ಚಿಗುರಿತು. ಕಳೆಯನ್ನು ಜೀವಿಯಿಂದಲೇ ಹತೋಟಿಗೆ ತಂದ ಭಾರತದ ಒಳ್ಳೆಯ ಉದಾಹರಣೆಗಳಲ್ಲಿ ಅದೂ ಒಂದು. ಹಿತ್ತಲಿಗೆ ಅಂಥ ಕೀಟ ತರಿಸಲಾಗುವುದಿಲ್ಲವಾದ್ದರಿಂದ ಸಾಲ್ವೀನಿಯಾ, ಅಂತರಗಂಗೆ, ನೀಲಿ ಹೂವಿನ ಕೆರೆಕಳೆ ಮೂರನ್ನೂ ಬಾಗಿಲಲ್ಲೇ ತಡೆಯಬೇಕು.

ಇನ್ನು ಸೊಳ್ಳೆ. ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಅದಕ್ಕೆ ಏಳರಿಂದ ಹತ್ತು ದಿನ ಸಾಕು. ಡೆಂಗಿ ಹರಡುವ ಈಡಿಸ್ ಹೆಚ್ಚಾಗಿ ಹುಟ್ಟುವುದು ಡ್ರಮ್ಮು, ಟೈರು, ತೆಂಗಿನ ಚಿಪ್ಪಿನಂಥ ಬೇಟೆಗಾರರಿಲ್ಲದ ನೀರಿನಲ್ಲಿ. ಕೊಳಕ್ಕೆ ಬೇಟೆಗಾರರು ಹಾರಿ ಬರುತ್ತಾರೆ. ಅಂಗಾತ ಈಜುವ ಕೀಟಗಳು ಮೊದಲು, ಆಮೇಲೆ ಏರೋಪ್ಲೇನ್ ಚಿಟ್ಟೆಗಳು. ಅವುಗಳ ಮರಿಗಳು ನೀರಿನಡಿಯಲ್ಲಿ ವಾರಗಟ್ಟಲೆ ಸೊಳ್ಳೆಮರಿ ತಿಂದೇ ಬೆಳೆಯುತ್ತವೆ. ಆ ನಡುವಿನ ಎರಡು ಮೂರು ವಾರಕ್ಕೆ ಬಿಟಿಐ ಎಂಬ ಬ್ಯಾಕ್ಟೀರಿಯಾದ ಬಿಲ್ಲೆ ಹಾಕಬಹುದು. ಅದು ಸೊಳ್ಳೆ ಮತ್ತು ಅದರ ಹತ್ತಿರದ ನೆಂಟರ ಮರಿಗಳನ್ನಷ್ಟೇ ಕೊಲ್ಲುತ್ತದೆ. ಮೀನು ಬೇಕೇ ಬೇಕೆಂದರೆ ಗ್ಯಾಂಬೂಸಿಯಾ ಬೇಡ. 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಈ ಮೀನು ಗೊದಮೊಟ್ಟೆಗಳನ್ನೂ ಸ್ಥಳೀಯ ಮೀನುಗಳ ಮರಿಗಳನ್ನೂ ಬಿಡುವುದಿಲ್ಲ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಮ್ಮದೇ ಗದ್ದೆ, ಬಾವಿ, ತೊರೆಗಳ ಅಪ್ಲೋಕೈಲಸ್ ಲೀನಿಯೇಟಸ್ ನೀರಿನ ಮೇಲ್ಪದರದಲ್ಲೇ ಕಾದು ಸೊಳ್ಳೆಮರಿ ಹಿಡಿಯುವ ಚುರುಕು ಮೀನು. ಸಾಕಿದವರಿಂದ ತಂದ ಆರೆಂಟು ಸಾಕು, ಹೊರಗಿನ ಆಹಾರ ಹಾಕುವ ಪ್ರಮೇಯವೇ ಇಲ್ಲ. ಕೆರೆಯಿಂದ ಆಮೆ ತಂದು ಬಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕೊಯ್ ಮೀನಿಗೆ ಈ ಕೊಳ ತೀರ ಚಿಕ್ಕದು, ಗಿಡ ಕಿತ್ತುಹಾಕುವ ಚಾಳಿ ಬೇರೆ.

ಬೇಸಿಗೆಯಲ್ಲಿ ದಿನಕ್ಕೆ ಆರೇಳು ಮಿಲಿಮೀಟರ್ ನೀರು ಆರುತ್ತದೆ. ಈ ಕೊಳದ ಲೆಕ್ಕದಲ್ಲಿ ಅದು ಮೂರು ಕೊಡ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಹೊರಚೆಲ್ಲುವ ನೀರು ಸುರಿಯಬೇಡಿ. ನೀರು ಆರಿದರೂ ಅದರ ಲವಣ ಉಳಿದು ವರ್ಷವರ್ಷಕ್ಕೂ ಗಟ್ಟಿಯಾಗುತ್ತದೆ. ಕೂಡಿಟ್ಟ ಮಳೆನೀರು, ಇಲ್ಲವಾದರೆ ಒಂದೆರಡು ದಿನ ತೆರೆದಿಟ್ಟು ಕ್ಲೋರಿನ್ ಹೋಗಿಸಿದ ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ. ವರ್ಷಕ್ಕೊಮ್ಮೆ ಮುಂಗಾರಿಗೆ ಮುಂಚೆ ತಳದ ಕೆಸರಿನಲ್ಲಿ ಅರ್ಧವನ್ನಷ್ಟೇ ತೆಗೆದು, ಸಿಕ್ಕಿಕೊಂಡ ಹುಳುಮರಿಗಳು ತೆವಳಿ ನೀರಿಗೆ ಮರಳುವಂತೆ ಒಂದು ರಾತ್ರಿ ದಡದಲ್ಲೇ ಬಿಡಿ. ಊರ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದ ಹಾಗೆ, ಮರುದಿನ ಅದನ್ನು ತೆಂಗಿನ ಬುಡಕ್ಕೆ ಹಾಕಬಹುದು.