ಹೊರೆ ಎಷ್ಟು ದೂರದಲ್ಲಿದೆ?

ಕಾರ್ಖಾನೆ, ಗೋದಾಮುಗಳಲ್ಲಿ ಭಾರ ಎತ್ತುವ ತರಬೇತಿ ಅಂದರೆ ಹೆಚ್ಚಾಗಿ ಒಂದೇ ಪಾಠ. ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಡಿ, ಕಾಲಿನ ಬಲದಿಂದ ಎದ್ದೇಳಿ. ಗೋಡೆಯ ಪೋಸ್ಟರಿನಲ್ಲೂ ಅದೇ. ಕುಕ್ಕರಗಾಲಲ್ಲಿ ಕೂತವನಿಗೆ ಹಸಿರು ಗುರುತು, ಸೊಂಟ ಬಗ್ಗಿಸಿದವನಿಗೆ ಕೆಂಪು ಗುರುತು. ಕೆಲಸಗಾರರು ತಲೆಯಾಡಿಸುತ್ತಾರೆ, ಹಾಜರಿಗೆ ಸಹಿ ಹಾಕುತ್ತಾರೆ, ಮಾರನೆಯ ದಿನ ಮತ್ತೆ ಸೊಂಟ ಬಗ್ಗಿಸಿಯೇ ಎತ್ತುತ್ತಾರೆ. ಅವರನ್ನು ದೂರುವುದು ಸುಲಭ. ಆದರೆ ಕೊರತೆ ಇರುವುದು ಪಾಠದಲ್ಲೇ ಎಂದು ನನಗನ್ನಿಸುತ್ತದೆ. ಬೆನ್ನಿಗೆ ಎಲ್ಲಕ್ಕಿಂತ ಜಾಸ್ತಿ ಲೆಕ್ಕಕ್ಕೆ ಬರುವುದು ಹೊರೆಗೂ ದೇಹಕ್ಕೂ ಇರುವ ದೂರ. ಪಾಠದಲ್ಲಿ ಅದು ಬಂದರೂ ಕೊನೆಯ ಸಾಲಿನಲ್ಲಿ ಬರುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಬೆನ್ನನ್ನು ಎತ್ತಿ ಹಿಡಿಯುವ ಸ್ನಾಯುಗಳು ಸೊಂಟದ ಹತ್ತಿರ ಬೆನ್ನುಮೂಳೆಯ ತಿರುಗುವ ಬಿಂದುವಿನಿಂದ ಸುಮಾರು 5 ಸೆಂ.ಮೀ. ಹಿಂದಿವೆ. ಕೈಯಲ್ಲಿರುವ ಬಾಕ್ಸು ಅದೇ ಬಿಂದುವಿನಿಂದ 50 ಸೆಂ.ಮೀ. ಮುಂದಿದೆ ಅಂದುಕೊಳ್ಳಿ. ದೂರ ಹತ್ತು ಪಟ್ಟು. ಸನ್ನೆಯ (ಲಿವರ್) ನಿಯಮದ ಪ್ರಕಾರ ಸ್ನಾಯುಗಳು ಹತ್ತು ಪಟ್ಟು ಬಲ ಹಾಕಿ ಎಳೆಯಬೇಕು. 20 ಕೆ.ಜಿ. ಬಾಕ್ಸಿಗೆ 200 ಕೆ.ಜಿ.ಯಷ್ಟು ಎಳೆತ! ಅದನ್ನೇ 25 ಸೆಂ.ಮೀ.ಗೆ ಎಳೆದುಕೊಂಡರೆ 100 ಕೆ.ಜಿ. ಸಾಕು. ಬಾಗಿದಾಗ ತಲೆ, ತೋಳು, ಎದೆಯ ತೂಕವೂ ಇದರ ಜೊತೆ ಸೇರಿಕೊಳ್ಳುತ್ತದೆ. ಈ ಎಲ್ಲ ಎಳೆತ ಕೊನೆಗೆ ಒತ್ತುವುದು ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕನ್ನು.

ಇದನ್ನು ಬದುಕಿರುವ ಮನುಷ್ಯರಲ್ಲೇ ಅಳೆದು ನೋಡಿದ್ದಾರೆ. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡ ಅಳೆದರು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನಲ್ಲಿ ಇನ್ನೂ ವಿವರವಾಗಿ ಅಳೆದರು. ಸುಮ್ನೆ ನಿಂತಾಗ 0.5 ಮೆಗಾಪಾಸ್ಕಲ್. 20 ಕೆ.ಜಿ.ಯನ್ನು ಬೆನ್ನು ಬಾಗಿಸಿ ಎತ್ತಿದಾಗ 2.3. ಮಂಡಿ ಬಗ್ಗಿಸಿ ಎತ್ತಿದಾಗ 1.7. ಅಷ್ಟೇ ತೂಕವನ್ನು ಮೈಗೆ ಒತ್ತಿ ಹಿಡಿದು ನಿಂತಾಗ 1.1. ಒಬ್ಬನೇ ಮನುಷ್ಯನ ಅಳತೆ ನಿಜ, ಆದರೆ ಸನ್ನೆಯ ಲೆಕ್ಕ ಹೇಳುವ ದಿಕ್ಕನ್ನೇ ಅದೂ ಹೇಳುತ್ತದೆ.

ಡಿಸ್ಕಿನ ಸ್ವಭಾವವನ್ನು ಪ್ರತಿಯೊಬ್ಬ ಕೆಲಸಗಾರನಿಗೂ ಹೇಳಬೇಕು. ಅದರ ಒಳಭಾಗದಲ್ಲಿ ನರಗಳಿಲ್ಲ. ಹೊರ ಅಂಚಿನಲ್ಲಿ ಮಾತ್ರ ಇವೆ. ಹಾಗಾಗಿ ಒಳಗೆ ಸಣ್ಣಸಣ್ಣ ಬಿರುಕು ಬೀಳುತ್ತಿದ್ದರೂ ನೋವು ಗೊತ್ತಾಗದೇ ಇರಬಹುದು. ರಕ್ತನಾಳಗಳೂ ಇಲ್ಲದ ಕಾರಣ ಗಾಯ ಮಾಯುವುದು ಬಹಳ ನಿಧಾನ. 'ಇಷ್ಟು ವರ್ಷ ಎತ್ತಿದ್ದೀನಿ, ಏನೂ ಆಗಿಲ್ಲ' ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಂದು ದಿನ ಹಗುರವಾದದ್ದೇನನ್ನೋ ಎತ್ತುವಾಗ ಸೊಂಟ ಹಿಡಿದುಕೊಳ್ಳುತ್ತದೆ. ಎಲ್ಲರೂ ಆ ಹಗುರವಾದ ವಸ್ತುವನ್ನೇ ದೂರುತ್ತಾರೆ.

ಹಾಗಾದರೆ ಮಂಡಿ ಬಗ್ಗಿಸುವುದು ತಪ್ಪಾ? ಇಲ್ಲ. ಸಣ್ಣ ಪೆಟ್ಟಿಗೆ ಎರಡು ಮಂಡಿಗಳ ನಡುವೆ ಹಿಡಿಸುವಂತಿದ್ದರೆ ಅದು ಒಳ್ಳೆಯ ವಿಧಾನ. ಅಗಲದ ಪೆಟ್ಟಿಗೆಯಾದರೆ ಮಂಡಿಗಳೇ ಅಡ್ಡ ಬರುತ್ತವೆ, ಹೊರೆ ಇನ್ನೂ ಮುಂದಕ್ಕೆ ಹೋಗುತ್ತದೆ. ಮೇಲಾಗಿ ಪ್ರತಿ ಸಲವೂ ಇಡೀ ದೇಹವನ್ನು ಕೆಳಗಿಳಿಸಿ ಮೇಲೆತ್ತಬೇಕು, ಅಲ್ವಾ? ಶಿಫ್ಟಿಗೆ ನೂರಾರು ಸಲ ಹೀಗೆ ಮಾಡಿದರೆ ತೊಡೆಗಳು ಸೋತುಹೋಗುತ್ತವೆ, ಉಸಿರು ಏರುತ್ತದೆ. ಕೆಲಸಗಾರರು ಪಾಠ ಮರೆತು ಬಾಗುವುದು ಸೋಮಾರಿತನದಿಂದ ಅಂತ ಹೇಳುವವರು ಇದನ್ನು ಒಂದು ಗಂಟೆ ಮಾಡಿ ನೋಡಬೇಕು. 1999ರಲ್ಲೇ ನೆದರ್‌ಲೆಂಡ್ಸಿನ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಕುಕ್ಕರಗಾಲಿನ ವಿಧಾನವೇ ಮೇಲು ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ.

ತರಬೇತಿಯಿಂದ ಗಾಯ ಕಡಿಮೆಯಾಗುತ್ತದಾ ಎಂಬುದನ್ನೂ ಪರೀಕ್ಷಿಸಿದ್ದಾರೆ. ಅಮೆರಿಕದ ಸುಮಾರು 4,000 ಅಂಚೆ ಕೆಲಸಗಾರರ ಮೇಲೆ ಐದು ವರ್ಷಕ್ಕೂ ಜಾಸ್ತಿ ಕಾಲ ನಡೆದ ಅಧ್ಯಯನದ ಫಲಿತಾಂಶ 1997ರಲ್ಲಿ ಬಂತು. ಪಾಠ ಕೇಳಿದವರ ತಿಳಿವಳಿಕೆ ಹೆಚ್ಚಿತ್ತು. ಸೊಂಟದ ಗಾಯಗಳು ಮಾತ್ರ ಕಡಿಮೆಯಾಗಿರಲಿಲ್ಲ. ಇದನ್ನು ಓದಿ ತರಬೇತಿಯನ್ನೇ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಏನು ಕಲಿಸುತ್ತೇವೆ, ಯಾರಿಗೆ ಕಲಿಸುತ್ತೇವೆ ಎಂಬುದು ಬದಲಾಗಬೇಕು.

ಕಲಿಸಲು ಒಂದು ಒಳ್ಳೆಯ ಸಾಧನ ಕೈಯಲ್ಲೇ ಇದೆ. ಅಮೆರಿಕದ ನಿಯೋಶ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ಭಾರ ಎತ್ತುವುದಕ್ಕೆ ಒಂದು ಸೂತ್ರ ಕೊಟ್ಟಿದೆ. 1981ರದ್ದನ್ನು 1991ರಲ್ಲಿ ಪರಿಷ್ಕರಿಸಿದರು. ಎಲ್ಲವೂ ಅನುಕೂಲವಾಗಿದ್ದರೆ ಸೂತ್ರದ ಮಿತಿ 23 ಕೆ.ಜಿ. ಅನುಕೂಲ ತಪ್ಪಿದಂತೆಲ್ಲ ಅದು ಇಳಿಯುತ್ತದೆ. ಹೊರೆ 50 ಸೆಂ.ಮೀ. ದೂರವಿದ್ದರೆ ನೇರವಾಗಿ ಅರ್ಧ, ಅಂದರೆ 11.5 ಕೆ.ಜಿ. ಅದು ನೆಲದ ಮೇಲಿದ್ದರೆ ಸುಮಾರು 8.9. ಅಲ್ಲಿಂದ 75 ಸೆಂ.ಮೀ. ಎತ್ತರಕ್ಕೆ ತರಬೇಕಾದರೆ 7.8. ಎತ್ತುವಾಗ ಸೊಂಟ 45 ಡಿಗ್ರಿ ತಿರುಗಿದರೆ 6.7. ನಿಮಿಷಕ್ಕೆ ಎಷ್ಟು ಸಲ, ಹಿಡಿ ಹೇಗಿದೆ ಎನ್ನುವುದನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ!

ಈಗ ಅದೇ ಹೊರೆಯನ್ನು 75 ಸೆಂ.ಮೀ. ಎತ್ತರದ ಮೇಜಿನ ಮೇಲೆ, ಮೈಗೆ ಹತ್ತಿರ ಇಡಿ. ಇಳಿಸುವ ಜಾಗವನ್ನೂ ಎದುರಿಗೇ ಅದೇ ಎತ್ತರಕ್ಕೆ ತನ್ನಿ. ಮಿತಿ ಮತ್ತೆ 23ಕ್ಕೆ ಏರುತ್ತದೆ. ಮನುಷ್ಯ ಅವನೇ, ಬೆನ್ನು ಅದೇ.

ಆದರೆ ಮೇಜಿನ ಎತ್ತರ ಯಾರ ಕೈಯಲ್ಲಿದೆ? ಎತ್ತುವವನ ಕೈಯಲ್ಲಂತೂ ಇಲ್ಲ. ರ‍್ಯಾಕ್ ಎಲ್ಲಿರಬೇಕು, ಚೀಲ ಎಷ್ಟು ಕೆ.ಜಿ.ಯದ್ದಿರಬೇಕು, ಟ್ರಾಲಿ ಬೇಕಾ, ಗಂಟೆಗೆ ಎಷ್ಟು ಪೆಟ್ಟಿಗೆ ಸಾಗಬೇಕು ಎಂದು ನಿರ್ಧರಿಸುವವರು ಸೂಪರ್‌ವೈಸರ್, ಮ್ಯಾನೇಜರ್, ಖರೀದಿ ವಿಭಾಗದವರು. ತರಬೇತಿಯ ಮೊದಲ ಬೆಂಚಿನಲ್ಲಿ ಅವರು ಕೂರಬೇಕು ಎಂಬುದು ನನ್ನ ಹಟ. ಬ್ರಿಟನ್ನಿನ 1992ರ ನಿಯಮಗಳ ಕ್ರಮವೂ ಇದಕ್ಕೆ ಹೊಂದುತ್ತದೆ. ಕೈಯಿಂದ ಎತ್ತುವುದನ್ನು ತಪ್ಪಿಸಲಾಗುತ್ತದಾ ಅಂತ ಮೊದಲು ನೋಡಬೇಕು. ಆಗದಿದ್ದರೆ ಅಪಾಯ ಅಳೆಯಬೇಕು. ಆಮೇಲೆ ಅದನ್ನು ತಗ್ಗಿಸಬೇಕು.

ಕೆಲಸಗಾರರಿಗೆ ಕಲಿಸುವುದು ಅವರು ದಿನವೂ ಎತ್ತುವ ವಸ್ತುವಿನ ಮೇಲೆ, ಅವರದೇ ಜಾಗದಲ್ಲಿ ನಡೆಯಲಿ. ಖಾಲಿ ಡಬ್ಬ ಎತ್ತಿಸಿದರೆ ಏನೂ ಬರುವುದಿಲ್ಲ. ಮೊದಲು ಒಂದು ಮೂಲೆ ಓರೆ ಮಾಡಿ ತೂಕ ಅಂದಾಜಿಸುವುದು, ಹೊರೆಯನ್ನು ಅಂಚಿಗೆ ಜಾರಿಸಿಕೊಂಡು ಆಮೇಲೆ ಎತ್ತುವುದು, ಸೊಂಟ ತಿರುಗಿಸದೆ ಪಾದ ಎತ್ತಿಟ್ಟು ತಿರುಗುವುದು, ಎಳೆಯುವ ಬದಲು ತಳ್ಳುವುದು. ಇಬ್ಬರು ಸೇರಿ ಎತ್ತುವಾಗ ಶಕ್ತಿ ಎರಡು ಪಟ್ಟು ಆಗುವುದಿಲ್ಲ, ಇಬ್ಬರ ಒಟ್ಟು ಶಕ್ತಿಯ ಮೂರನೇ ಎರಡು ಭಾಗ ಅಂದುಕೊಳ್ಳಬೇಕು. ಒಬ್ಬ ಮುಂಚೆ ಕೈಬಿಟ್ಟರೆ ಇನ್ನೊಬ್ಬನ ಬೆನ್ನಿಗೆ ಹಠಾತ್ ಭಾರ ಬೀಳುತ್ತದೆ. ಆದ್ದರಿಂದ ಒಬ್ಬನೇ ಎಣಿಕೆ ಹೇಳಬೇಕು.

ಸೊಂಟದ ಬೆಲ್ಟ್ ಕೊಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ. ಗಾಯವಾಗದವರಿಗೆ ಬೆಲ್ಟಿನಿಂದ ರಕ್ಷಣೆ ಸಿಗುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ನಿಯೋಶ್ 1994ರಲ್ಲೇ ಹೇಳಿದೆ. ಆ ಹಣಕ್ಕೆ ಎತ್ತರ ಹೊಂದಿಸಬಹುದಾದ ಮೇಜು ಬರುವುದಾದರೆ ಅದನ್ನೇ ತನ್ನಿ. ಯಾವ ಮೇಜು ಎಲ್ಲಿ ಬೇಕು ಅಂತ ಎತ್ತುವವರನ್ನೇ ಕೇಳಿ. ಅವರಿಗೆ ಗೊತ್ತಿರುತ್ತದೆ.