ಮುಟ್ಟು ಬರಲಿ, ಆಮೇಲೆ ನೋಡೋಣ ಅನ್ನುವವರಿಗೆ

ಹೋದ ವಾರ ಇಂಡಿ ಕಡೆಯ ಹೆಣ್ಣುಮಗಳೊಬ್ಬಳು ಬಂದಿದ್ದಳು. ಕಂಕುಳಲ್ಲಿ ಹತ್ತು ತಿಂಗಳ ಕೂಸು. ಹೊಟ್ಟೆ ಉಬ್ಬರ, ಗ್ಯಾಸಿನ ಗುಳಿಗೆ ಬೇಕು ಅಂದಳು. ಕೈಯಿಟ್ಟು ನೋಡಿದೆ. ಗರ್ಭ ಹೊಕ್ಕಳ ಹತ್ತಿರ ಬಂದಿತ್ತು. ಐದು ತಿಂಗಳು! ಅತ್ತೆ ಒಪ್ಪಲೇ ಇಲ್ಲ. "ಹಡದ ಮ್ಯಾಲೆ ಒಮ್ಮೆನೂ ಮುಟ್ಟಾಗಿಲ್ರೀ ಡಾಕ್ಟ್ರ, ಹೊಟ್ಟೀಲೆ ಹೆಂಗ ಆಗ್ತಾಳ್ರೀ?" ಸೊಸೆ ಮಾತಾಡಲಿಲ್ಲ. ಕೂಸು ಅವಳ ಸೆರಗು ಜಗ್ಗುತ್ತಲೇ ಇತ್ತು.

ಹಡೆದ ಮೇಲೆ ಮುಟ್ಟಾಗದೆ ಬಸಿರು ನಿಲ್ಲುವುದಿಲ್ಲ, ಗರ್ಭನಿರೋಧಕ ಆಮೇಲೆ ನೋಡೋಣ ಅನ್ನುವ ಈ ಮಾತನ್ನು ವಿಜಯಪುರದಲ್ಲಿ ಕೇಳಿ ಕೇಳಿ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ.

ನೋಡಿ, ಮೊದಲು ಬಿಡುಗಡೆಯಾಗುವುದು ಅಂಡ. ಅದು ಗರ್ಭ ಕಟ್ಟದಿದ್ದರೆ ಸುಮಾರು ಎರಡು ವಾರಕ್ಕೆ ಮುಟ್ಟು. ಹೆರಿಗೆಯಾದ ಮೇಲೂ ಇದೇ ಕ್ರಮ. ಆ ಮೊದಲ ಅಂಡವೇ ಕಟ್ಟಿದರೆ? ಮುಟ್ಟು ಬರುವುದೇ ಇಲ್ಲ. ನೀವು ದಾರಿ ಕಾಯುತ್ತಿರುತ್ತೀರಿ, ಒಳಗೆ ಮಗು ಬೆಳೆಯುತ್ತಿರುತ್ತದೆ.

ಬಸಿರಾಗದಂತೆ ಎದೆಹಾಲು ಕಾಯುವುದಿಲ್ಲವಾ ಅಂತ ಕೇಳುತ್ತಾರೆ. ಕಾಯುತ್ತದೆ. ಆದರೆ ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಬಂದಿರಬಾರದು, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು. ಮೂರೂ ಇರಬೇಕು. ಈ ಮನೆಯಲ್ಲಿ ಮೂರನೇ ತಿಂಗಳಿಗೇ ಆಕಳ ಹಾಲು ಶುರುವಾಗಿತ್ತು.

ನಮ್ಮ ಹೆಣ್ಣುಮಕ್ಕಳಿಗೆ ತಿಳಿವಳಿಕೆ ಇಲ್ಲ ಅಂದರೆ ನಾನು ಒಪ್ಪುವುದಿಲ್ಲ. ಎರಡು ಹಡೆದ ಮೇಲೆ ಮಕ್ಕಳಾಗದ ಆಪರೇಷನ್‌ಗೆ ತಾವೇ ಬರುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ರಾಜ್ಯದ 15ರಿಂದ 49 ವರ್ಷದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಆಪರೇಷನ್ ಆಗಿದೆ. ಗಂಡಸರದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅವರದು ಹೊಲಿಗೆಯೂ ಬೇಡದ ಸಣ್ಣ ಕೆಲಸ, ಆದರೂ!

ತೊಂದರೆ ಇರುವುದು ಮೊದಲ ಕೂಸಿಗೂ ಎರಡನೆಯದಕ್ಕೂ ನಡುವೆ. ಒಬ್ಬಳ ಗಂಡ ಗೋವಾದಲ್ಲಿ ದುಡಿಯುತ್ತಾನೆ, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಬಂದು ಎಂಟು ದಿನ ಇರುತ್ತಾನೆ. "ಅವರು ಊರಾಗ ಇರೂದೇ ಇಲ್ರೀ, ನನಗ್ಯಾಕ?" ಅನ್ನುತ್ತಾಳೆ. ಇನ್ನೊಬ್ಬಳ ನೆಗೆಣ್ಣಿಗೆ ವಂಕಿ, ಅಂದರೆ ಗರ್ಭದೊಳಗೆ ಇಡುವ ಕಾಪರ್-ಟಿ, ಹೊಂದಲಿಲ್ಲ, ಹಾಗಾಗಿ ಇಡೀ ಓಣಿಗೇ ವಂಕಿ ಬೇಡ. ಅಕ್ಕನಿಗೆ ಹೊಂದಿದ್ದರೆ ತಂಗಿ ತಾನಾಗಿ ಕೇಳಿಕೊಂಡು ಬರುತ್ತಾಳೆ.

ವಂಕಿಯನ್ನು ಹೆರಿಗೆಯಾದ 48 ಗಂಟೆಯೊಳಗೇ ಹಾಕಬಹುದು, ತಪ್ಪಿದರೆ ಆರು ವಾರದ ಮೇಲೆ. ಆರು ವಾರ ಕಳೆದವರಿಗೆ ಮೂರು ತಿಂಗಳಿಗೊಮ್ಮೆ ಅಂತರಾ ಇಂಜೆಕ್ಷನ್ ಇದೆ. ಛಾಯಾ ಗುಳಿಗೆ ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ಒಂದು. ಹಾಲುಣಿಸುವವರಿಗೂ ಇವು ನಡೆಯುತ್ತವೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಮಾಲಾ-ಎನ್ ಗುಳಿಗೆ ಮಾತ್ರ ಹಾಲುಣಿಸುವ ಮೊದಲ ಆರು ತಿಂಗಳು ಬೇಡ. ಯಾರಿಗೆ ಯಾವುದು ಅನ್ನುವುದನ್ನು ಪರೀಕ್ಷೆ ಮಾಡಿಯೇ ಹೇಳಬೇಕು, ಪಕ್ಕದ ಮನೆಯವಳ ಗುಳಿಗೆ ನುಂಗಬೇಡಿ.

ಆರನೇ ವಾರಕ್ಕೆ ಕೂಸಿನ ಲಸಿಕೆಗೆ ಬಂದೇ ಬರ್ತೀರಿ, ಅಲ್ವಾ? ಅವತ್ತೇ ನಿಮ್ಮ ಹೆಸರಿನದೂ ಒಂದು ಚೀಟಿ ಮಾಡಿಸಿ. ಅತ್ತೆಯವರನ್ನೂ ಕರೆತನ್ನಿ. ನನ್ನ ಮೇಜಿನ ಮೇಲೆ ಒಂದು ವಂಕಿ ಇಟ್ಟಿದ್ದೇನೆ, ಒಂದೂವರೆ ಇಂಚೂ ಇಲ್ಲ. ಕೈಯಲ್ಲಿ ಹಿಡಿದು ನೋಡಲಿ.