ಹೆರಿಗೆಯಾದ ಮೇಲಿನ ಎರಡು ಗಂಟೆ

1930ರ ದಶಕದ ಆರಂಭದ ಇಂಗ್ಲೆಂಡಿನಲ್ಲಿ ಒಂದು ವಿಚಿತ್ರ ಕಂಡುಬಂದಿತ್ತು. ಹೆಚ್ಚಿನ ರೋಗಗಳು ಬಡವರನ್ನೇ ಹುಡುಕಿಕೊಂಡು ಹೋಗುತ್ತಿದ್ದ ಕಾಲವದು. ಹೆರಿಗೆಯ ಸಾವು ಮಾತ್ರ ಉಳ್ಳವರ ಮನೆಯಲ್ಲೇ ತುಸು ಹೆಚ್ಚು! ಇತಿಹಾಸಕಾರರು ಬೊಟ್ಟು ಮಾಡುವುದು ಹೆರಿಗೆ ಮಾಡಿಸಿದವರ ಕಡೆಗೆ. ಬಡವರ ಮನೆಗೆ ತರಬೇತಾದ ಸೂಲಗಿತ್ತಿ ಬಂದು ತಾಳ್ಮೆಯಿಂದ ಕಾಯುತ್ತಿದ್ದಳು. ಶ್ರೀಮಂತರು ಕರೆಸುತ್ತಿದ್ದುದು ಡಾಕ್ಟರನ್ನು. ಅವರಿಗೆ ಕಾಯಲು ಪುರುಸೊತ್ತಿಲ್ಲ, ಬೇಗ ಇಕ್ಕಳ ಹಾಕುತ್ತಿದ್ದರು. ಬೇರೆ ರೋಗಿಗಳಿಂದ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾವನ್ನೂ ಹೊತ್ತು ತರುತ್ತಿದ್ದರು. ಬಾಣಂತಿ ನಂಜೇರಿ ಸಾಯುವುದು ಇಳಿಮುಖವಾದದ್ದು ಆ ದಶಕದ ನಡುವೆ ಬ್ಯಾಕ್ಟೀರಿಯಾ ತಡೆಯುವ ಸಲ್ಫಾ ಔಷಧಗಳು ಬಂದ ಮೇಲೆ.

ಈಗಿನ ಲೆಕ್ಕ ನೋಡಿದರೆ ಹಣವೇ ಎಲ್ಲ ಅನ್ನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಬಸಿರು, ಬಾಣಂತನದ ತೊಂದರೆಗಳಿಂದ ಸತ್ತ ಹೆಂಗಸರು ಸುಮಾರು 2,60,000. ತೀರ ಬಡ ದೇಶಗಳಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 346 ತಾಯಂದಿರು ಸಾಯುತ್ತಾರೆ, ಶ್ರೀಮಂತ ದೇಶಗಳಲ್ಲಿ 10. ಆದರೆ ಹಣ ಯಾವ ದಾರಿಯಲ್ಲಿ ಬಂದು ಜೀವ ಉಳಿಸುತ್ತದೆ?

ಇದಕ್ಕೆ ಗರ್ಭಕೋಶದ ಒಳಗನ್ನೇ ನೋಡಬೇಕು. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಗು ಹುಟ್ಟಿ ಕಸ (ಮಾಸು) ಬಿದ್ದಾಗ ಅಲ್ಲಿಯ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಸುತ್ತ ಹೆಣೆದುಕೊಂಡ ಸ್ನಾಯುಗಳು ಬಿಗಿದು ಅವನ್ನು ಹಿಸುಕಿ ಮುಚ್ಚಬೇಕು. ಬಿಗಿಯದಿದ್ದರೆ ಗಟ್ಟಿಮುಟ್ಟಾದ ಹೆಂಗಸೂ ಎರಡು ಗಂಟೆಯೊಳಗೆ ಇಲ್ಲವಾಗಬಹುದು. ಮೊದಲೇ ರಕ್ತಹೀನತೆ ಇದ್ದವಳಿಗೆ ಅಷ್ಟು ಹೊತ್ತೂ ಸಿಗದು. ಸ್ನಾಯು ಬಿಗಿಯುವಂತೆ ಮಾಡುವ ಆಕ್ಸಿಟೋಸಿನ್ ಇಂಜೆಕ್ಷನ್ ದುಬಾರಿಯೇನಲ್ಲ. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಕರೆಂಟಿಲ್ಲದ ಊರಲ್ಲಿ ಫ್ರಿಜ್ ಅಂದರೆ ಬರೀ ಬೀರು.

ಥಡಿಯಸ್ ಮತ್ತು ಮೇನ್ ಎಂಬ ಸಂಶೋಧಕಿಯರು 1994ರಲ್ಲಿ ಮೂರು ವಿಳಂಬಗಳನ್ನು ಗುರುತಿಸಿದರು. ‘ಗಂಡ ಬರಲಿ, ಆಮೇಲೆ ಹೋದರಾಯಿತು’ ಎನ್ನುವ ಮನೆಯ ವಿಳಂಬ, ರಸ್ತೆ-ವಾಹನಗಳ ವಿಳಂಬ, ಆಸ್ಪತ್ರೆ ಮುಟ್ಟಿದ ಮೇಲೆ ರಕ್ತಕ್ಕೋ ಅರಿವಳಿಕೆ ತಜ್ಞರಿಗೋ ಕಾಯುವ ವಿಳಂಬ. ಎರಡು ಗಂಟೆಯೊಳಗೆ ಈ ಮೂರನ್ನೂ ದಾಟಬೇಕು.

ರಕ್ತ ಹೋಗುತ್ತಿರುವುದು ಗೊತ್ತೇ ಆಗದಿರುವುದು ಇನ್ನೊಂದು ವಿಳಂಬ. ಬಟ್ಟೆ, ಹಾಸಿಗೆ ಹೀರಿಕೊಂಡ ರಕ್ತವನ್ನು ಕಣ್ಣಳತೆಯಲ್ಲಿ ಅಂದಾಜಿಸಿದರೆ ಲೆಕ್ಕ ಕಡಿಮೆಯೇ ಬರುತ್ತದೆ. ಇದಕ್ಕೆ ಸಿಕ್ಕ ಪರಿಹಾರ ನನಗೆ ಬಹಳ ಇಷ್ಟ: ಅಳತೆಯ ಗೆರೆ ಹಾಕಿದ ಒಂದು ಪ್ಲಾಸ್ಟಿಕ್ ಚೀಲ. ಬಾಣಂತಿಯ ಅಡಿಯಲ್ಲಿ ಅದನ್ನು ಹಾಸುತ್ತಾರೆ. ರಕ್ತ ಗೆರೆ ಮುಟ್ಟಿದೊಡನೆ ಹೊಟ್ಟೆ ನೀವುವುದು, ಇಂಜೆಕ್ಷನ್, ಡ್ರಿಪ್ ಎಲ್ಲವನ್ನೂ ಒಟ್ಟಿಗೇ ಶುರುಮಾಡುತ್ತಾರೆ, ಒಂದಾದ ಮೇಲೊಂದರಂತೆ ಅಲ್ಲ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದ ಈ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ಶೇ. 60ರಷ್ಟು ತಗ್ಗಿದ್ದವು.

ಶ್ರೀಲಂಕಾವಂತೂ ಸಿರಿವಂತವಾಗುವವರೆಗೆ ಕಾಯಲೇ ಇಲ್ಲ. 1930ರ ದಶಕದಲ್ಲಿ ಲಕ್ಷಕ್ಕೆ 2,000ದ ಆಸುಪಾಸಿನಲ್ಲಿದ್ದ ಸಾವನ್ನು ಶತಮಾನದ ಕೊನೆಯ ಹೊತ್ತಿಗೆ ನೂರರ ಕೆಳಗಿಳಿಸಿತು. ಊರೂರಿಗೆ ತರಬೇತಾದ ಸೂಲಗಿತ್ತಿ, ಉಚಿತ ಆಸ್ಪತ್ರೆ, ಪ್ರತಿ ಸಾವಿನ ವಿಚಾರಣೆ ಅದರ ಬಂಡವಾಳ. ಕರ್ನಾಟಕದ ಅಂಕಿಯೂ 2004-06ರ 213ರಿಂದ 2019-21ರಲ್ಲಿ 63ಕ್ಕೆ ಬಂದಿದೆ. ಆದರೆ ಅದೇ ಅವಧಿಯಲ್ಲಿ ಪಕ್ಕದ ಕೇರಳದ್ದು 20.

ಇನ್ನು ಅಮೆರಿಕ. ದುಡ್ಡಿಗೇನೂ ಕೊರತೆಯಿಲ್ಲ, ಆದರೂ 2023ರಲ್ಲಿ ಅಲ್ಲಿನ ಸಂಖ್ಯೆ 18.6. ಬಿಳಿಯರಲ್ಲಿ 14.5 ಇದ್ದರೆ ಕಪ್ಪು ಮಹಿಳೆಯರಲ್ಲಿ 50.3. ಬಡತನವೊಂದೇ ಕಾರಣ ಎನ್ನುವಂತಿಲ್ಲ, ಏಕೆಂದರೆ ಕಾಲೇಜು ಓದಿದ ಕಪ್ಪು ಮಹಿಳೆಯರಲ್ಲೂ ಈ ಅಂತರ ಉಳಿಯುತ್ತದೆ. ಕಪ್ಪು ಮಹಿಳೆಯೇ ಆದ ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್‌ಗೆ 2017ರಲ್ಲಿ ಸಿಸೇರಿಯನ್ ಆದ ಮರುದಿನ ಉಸಿರು ಕಟ್ಟಿತು. ಆಕೆಗೆ ಹಿಂದೆಯೂ ರಕ್ತ ಹೆಪ್ಪುಗಟ್ಟಿದ್ದುಂಟು, ಹಾಗಾಗಿ ಸಿಟಿ ಸ್ಕ್ಯಾನ್ ಮಾಡಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡಿ ಎಂದು ತಾವೇ ಕೇಳಿದರು. ನೋವಿನ ಔಷಧದ ಮಂಪರಿನಲ್ಲಿ ಏನೋ ಹೇಳುತ್ತಿದ್ದಾರೆ ಅಂದುಕೊಂಡರು ನರ್ಸ್. ಬಂದ ವೈದ್ಯರು ಕಾಲಿನ ಅಲ್ಟ್ರಾಸೌಂಡ್ ಮಾಡಿದರು, ಏನೂ ಕಾಣಲಿಲ್ಲ. ಸೆರೆನಾ ಪಟ್ಟು ಬಿಡಲಿಲ್ಲ. ಕೊನೆಗೆ ಸಿಟಿ ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ ರಕ್ತದ ಗಂಟುಗಳಿದ್ದವು.